ರೈಲು ಸಂಪರ್ಕ, ವಾಹನ ನಿಲುಗಡೆ ಮತ್ತು ಸ್ಥಳೀಯ ಬಂಡವಾಳ: ಧನಕವಡಿಯ ನಿದರ್ಶನ

ನಗರದ ಯಾವ ಭಾಗದಲ್ಲಿ ವ್ಯಾಪಾರ, ವಿದ್ಯಾಲಯ, ಆಸ್ಪತ್ರೆ ಮೊದಲಾದವು ನೆಲೆಯೂರುತ್ತವೆ ಎಂಬುದನ್ನು ನಿರ್ಧರಿಸುವಲ್ಲಿ ಅಲ್ಲಿಗೆ ಹೋಗಿಬರುವ ಸೌಕರ್ಯದ ಪಾತ್ರ ಹಿರಿದು. ಪುಣೆಯ ದಕ್ಷಿಣದಲ್ಲಿರುವ ಧನಕವಡಿ ಈ ವಿಷಯದ ಅಧ್ಯಯನಕ್ಕೆ ತಕ್ಕ ನಿದರ್ಶನವಾಗಿದೆ. ಬೆಳಗಾವಿ, ಕೊಲ್ಲಾಪುರ ಮಾರ್ಗವಾಗಿ ಬಸ್ಸಿನಲ್ಲಿ ಸ್ವಾರಗೇಟಿಗೆ ಪ್ರಯಾಣ ಮಾಡಿದ ಕನ್ನಡಿಗರು ಕಾತ್ರಜ್ ಕಳೆದ ಮೇಲೆ ಸಾತಾರಾ ರಸ್ತೆಯಲ್ಲಿ ಈ ಪ್ರದೇಶವನ್ನು ಹಾದುಹೋಗಿರುತ್ತಾರೆ. ಭಾರತಿ ವಿದ್ಯಾಪೀಠದ ಕಾಲೇಜುಗಳೂ ಶಂಕರ ಮಹಾರಾಜರ ಸಮಾಧಿ ಸ್ಥಳವೂ ಇಲ್ಲಿವೆ. ಆದರೆ ಪುಣೆ–ಸಾತಾರಾ ರೈಲುಮಾರ್ಗವು ನಗರದ ಪೂರ್ವ ಅಂಚಿನಿಂದ ಸಾಗುವುದರಿಂದ ಇಲ್ಲಿನ ಜನರಿಗೆ ಅದರ ಉಪಯೋಗವಿಲ್ಲ. ಇಡೀ ಸಂಚಾರದ ಹೊರೆಯನ್ನು ರಸ್ತೆಯೇ ಹೊರಬೇಕಾಗಿದೆ.

ಈ ಕೊರತೆಯನ್ನು ನೀಗಿಸಲು ಪುಣೆ ಮೆಟ್ರೋವನ್ನು ಸ್ವಾರಗೇಟಿನಿಂದ ಕಾತ್ರಜ್‌ವರೆಗೆ ವಿಸ್ತರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್‌ನಲ್ಲಿ ಅನುಮೋದನೆ ನೀಡಿತು. 5.46 ಕಿಲೋಮೀಟರ್ ಉದ್ದದ ಈ ಸುರಂಗ ಮಾರ್ಗದ ವೆಚ್ಚವನ್ನು ಆಗ 2,954.53 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. 2029ರ ಫೆಬ್ರವರಿಯೊಳಗೆ ಪೂರ್ಣಗೊಳಿಸುವ ಗುರಿಯನ್ನು ಇರಿಸಿಕೊಳ್ಳಲಾಗಿದೆ.

ಅನುಮೋದನೆಯಾದಾಗ ಇದ್ದ ನಿಲ್ದಾಣಗಳು ಮೂರು ಮಾತ್ರ. ಎಂದರೆ ಸರಾಸರಿ 1.8 ಕಿಲೋಮೀಟರಿಗೆ ಒಂದು. ಧನಕವಡಿಗೆ ಹೊಂದಿಕೊಂಡಿರುವ ಬಾಲಾಜಿನಗರದ ನಿವಾಸಿಗಳು ತಮ್ಮಲ್ಲೂ ನಿಲ್ದಾಣ ಬೇಕೆಂದು ಕೇಳಿದರು. ಬಾಲಾಜಿನಗರ ಮತ್ತು ಬಿಬವೇವಾಡಿ ನಿಲ್ದಾಣಗಳಿಗೆ ಮಹಾರಾಷ್ಟ್ರ ಸಚಿವ ಸಂಪುಟವು 2025ರಲ್ಲಿ ಒಪ್ಪಿಗೆ ನೀಡಿತು. ಐದು ನಿಲ್ದಾಣಗಳಾದರೆ ಸರಾಸರಿ ಅಂತರ 1.1 ಕಿಲೋಮೀಟರಿಗೆ ಇಳಿಯುತ್ತದೆ. ಇದು ಕೇವಲ ಅನುಕೂಲದ ಮಾತಲ್ಲ. ನಿಲ್ದಾಣ ಹತ್ತಿರವಿದ್ದರೆ ಜನರು ನಡೆದೇ ಬರುತ್ತಾರೆ. ದೂರವಿದ್ದರೆ ವಾಹನದಲ್ಲಿ ಬರುತ್ತಾರೆ, ಆ ವಾಹನಕ್ಕೆ ಜಾಗ ಬೇಕಾಗುತ್ತದೆ. ನಿಲ್ದಾಣಕ್ಕೆ ತಗಲುವ ಖರ್ಚನ್ನು ಉಳಿಸಿದರೆ ಅದು ವಾಹನ ನಿಲುಗಡೆಯ ಖರ್ಚಾಗಿ ಮರಳಿ ಬರುತ್ತದೆಂದೇ ತಿಳಿಯಬೇಕು.

ಈ ಲೆಕ್ಕವನ್ನು ತುಸು ವಿವರವಾಗಿ ನೋಡೋಣ. ನಗರ ಯೋಜನೆಯ ಮಾನದಂಡದಂತೆ ಒಂದು ಕಾರಿಗೆ, ಅದು ತಿರುಗಾಡುವ ದಾರಿಯೂ ಸೇರಿ, ತೆರೆದ ಜಾಗದಲ್ಲಿ 23 ಚದರ ಮೀಟರ್ ಬೇಕು, ನೆಲಮಾಳಿಗೆಯಲ್ಲಾದರೆ 32. ನೂರು ಕಾರುಗಳಿಗೆ ನೆಲಮಾಳಿಗೆ ಕಟ್ಟಿದರೆ 3,200 ಚದರ ಮೀಟರ್. ಅಷ್ಟು ಜಾಗ ಒದಗಿಸಿದರೂ ನಿಲ್ದಾಣಕ್ಕೆ ದೊರೆಯುವ ಪ್ರಯಾಣಿಕರು ಕೆಲವು ನೂರು ಮಂದಿ. ಈ ವಿಸ್ತರಣೆಯಲ್ಲಿ ದಿನವೊಂದಕ್ಕೆ 95,000 ಪ್ರಯಾಣಿಕರನ್ನು ಆರಂಭದ ಹಂತದಲ್ಲಿಯೇ ನಿರೀಕ್ಷಿಸಲಾಗಿದೆ. ದ್ವಿಚಕ್ರ ವಾಹನಗಳ ನಗರವೆಂದೇ ಹೆಸರಾದ ಪುಣೆಯಲ್ಲಿ ಸ್ಕೂಟರು, ಸೈಕಲುಗಳಿಗೆ ಮೊದಲ ಸ್ಥಾನ ನೀಡುವುದೇ ಯುಕ್ತ. ಸರ್ಕಾರಿ ಕನ್ನಡದಲ್ಲಿ ನಾವು 'ವಾಹನ ನಿಲುಗಡೆ' ಎನ್ನುತ್ತೇವೆ; ಈ ಮಾತು ಕಾರನ್ನು ಮಾತ್ರ ನೆನಪಿಗೆ ತರುತ್ತಿರುವುದು ವಿಷಾದಕರ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು, ಆಕ್ರಮಿಸಿದ ಭೂಮಿಯ ನಿಜ ಬೆಲೆಯನ್ನು ಪ್ರತಿಬಿಂಬಿಸುವಂತೆ ನಿಲುಗಡೆ ಶುಲ್ಕ ಇರಬೇಕೆಂದು ಹೇಳಿದೆ.

ಇನ್ನು ಬಂಡವಾಳದ ವಿಚಾರ. ಬೆಂಗಳೂರಿನ ನಾಗಸಂದ್ರ ಮೆಟ್ರೋ ನಿಲ್ದಾಣದ ಪಕ್ಕದಲ್ಲಿ 2022ರಲ್ಲಿ ಐಕಿಯಾ ಸಂಸ್ಥೆಯು ತನ್ನ ಬೃಹತ್ ಮಳಿಗೆಯನ್ನು ತೆರೆಯಿತು. ಧನಕವಡಿಯಲ್ಲಿ ಅಷ್ಟು ವಿಶಾಲ ನಿವೇಶನ ಸಿಗುವುದು ಕಷ್ಟ. ಇಲ್ಲಿಗೆ ಬರಬಹುದಾದ ಹೂಡಿಕೆಯು ಪುಸ್ತಕದಂಗಡಿ, ಔಷಧದಂಗಡಿ, ಊಟದ ಮನೆ, ವಿದ್ಯಾರ್ಥಿನಿಲಯ, ಚಿಕ್ಕ ಕಚೇರಿಗಳ ರೂಪದ್ದು. ಇವು ನಡೆದು ಬರುವ ಗಿರಾಕಿಗಳನ್ನು ನಂಬಿ ಬದುಕುವ ಉದ್ಯಮಗಳು. ಅಂಗಡಿಯ ಮುಂದಿನ ಕಾಲುದಾರಿಯನ್ನು ಪ್ರಯಾಣಿಕರ ಸ್ಕೂಟರುಗಳು ಆಕ್ರಮಿಸಿದರೆ ನಿಲ್ದಾಣ ಬಂದೂ ವ್ಯಾಪಾರಕ್ಕೆ ನಷ್ಟವೇ. ನಿಲ್ದಾಣದಿಂದ ಸುತ್ತಲಿನ ಭೂಮಿಯ ಬೆಲೆ ಏರಿದಾಗ ಅದರಲ್ಲೊಂದು ಪಾಲನ್ನು ಯೋಜನೆಗೆ ಪಡೆಯುವ ಮಾರ್ಗವನ್ನು 2017ರ ಮೆಟ್ರೋ ರೈಲು ನೀತಿಯು ಸೂಚಿಸಿದೆ. ಬಾಡಿಗೆ ಅಂಗಡಿಕಾರರ ಮೇಲೆ ಆ ಹೊರೆ ಬೀಳದಂತೆ ನೋಡಿಕೊಳ್ಳುವುದು ಸ್ಥಳೀಯ ಆಡಳಿತಕ್ಕೆ ಸೇರಿದ್ದು.

ಅದೇ ನೀತಿಯ ಪ್ರಕಾರ ಪ್ರತಿ ನಿಲ್ದಾಣದ ಸುತ್ತ ಕನಿಷ್ಠ 5 ಕಿಲೋಮೀಟರ್ ವ್ಯಾಪ್ತಿಗೆ ಪೂರಕ ಬಸ್ಸು ಮುಂತಾದ ಸೇವೆಗಳು ಯೋಜನೆಯಲ್ಲಿಯೇ ಸೇರಿರಬೇಕು. ಧನಕವಡಿಯ ಒಳಗಿನ ಕಿರಿದಾದ ಬೀದಿಗಳಿಗೆ ದೊಡ್ಡ ಬಸ್ಸಿಗಿಂತ ಚಿಕ್ಕ ಬಸ್ಸುಗಳೇ ಹೊಂದುತ್ತವೆ. ಅವು ನಿಂತು ಹೊರಡಲು ಬೇಕಾದ ಜಾಗವನ್ನು ನಿಲ್ದಾಣದ ದ್ವಾರದ ಬಳಿಯಲ್ಲಿಯೇ, ಕಾಮಗಾರಿಯ ಹಂತದಲ್ಲಿಯೇ ಕಾಯ್ದಿರಿಸಬೇಕಾಗುತ್ತದೆ.