ಕೊಡಗು 1834: ದಂಡು ಬಂದದ್ದು ಒಂದು ಮಾತು, ಬಂದು ಉಳಿದದ್ದು ಇನ್ನೊಂದು (ಮುಖ್ಯಾಂಶಗಳು)

ನೆಲ್ಯಹುದಿಕೇರಿಯಲ್ಲಿ ಸಂಜೆ ಪಾಠಕ್ಕೆ ಬರುವವರಲ್ಲಿ ಅರ್ಧದಷ್ಟು ಮಂದಿ ಸಿದ್ದಾಪುರದ ಕಡೆಯಿಂದ ಕಾವೇರಿ ಸೇತುವೆ ದಾಟಿ ಬರುವ ತೋಟದ ಲೈನುಮನೆಗಳ ಮಕ್ಕಳು. ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಒಬ್ಬೊಬ್ಬರದು ಒಂದೊಂದು ಗುರಿ. "ಹೊರಗಿನ ಸೈನ್ಯ ಇನ್ನೊಂದು ನಾಡಿನೊಳಗೆ ನುಗ್ಗುವುದು ಸಮರ್ಥನೀಯವೇ? ಚರ್ಚಿಸಿ" ಎಂದು ಪ್ರಶ್ನೆ ಕೊಟ್ಟರೆ ಎಲ್ಲರ ಪೆನ್ನೂ ನೇರ ಇರಾಕಿಗೆ ಓಡುತ್ತದೆ. ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮೂರ ದಡದ ಮನೆಗಳನ್ನು ಕೊಂಡೊಯ್ದಿತಲ್ಲ, ಅದೇ ಹೊಳೆಯ ಗುಂಟ ಇಳಿದರೆ ದುಬಾರೆ, ಕುಶಾಲನಗರ, ಅದರಾಚೆ ಕಣಿವೆ. 1834ರ ಏಪ್ರಿಲ್ ಮೊದಲ ವಾರ ಈಸ್ಟ್ ಇಂಡಿಯಾ ಕಂಪನಿಯ ಪೂರ್ವದ ದಂಡು ಆ ಕಡೆಯಿಂದಲೇ ಕೊಡಗಿನೊಳಕ್ಕೆ ಬಂತು. ಕುಶಾಲನಗರಕ್ಕೆ ಹಿರಿಯರು ಈಗಲೂ ಆಗಾಗ ಹೇಳುವ ಫ್ರೇಸರ್‌ಪೇಟೆ ಎಂಬ ಹೆಸರು ಆ ದಂಡಿನ ಜೊತೆ ಬಂದ ಕಂಪನಿಯ ರಾಜಕೀಯ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಫ್ರೇಸರ್‌ನದು.

ಹಿನ್ನೆಲೆ

• ಕೊಡಗನ್ನು ಆಳುತ್ತಿದ್ದ ಹಾಲೇರಿ ಅರಸರು ಇಕ್ಕೇರಿ ಮೂಲದ ಲಿಂಗಾಯತರು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ.

• ದೊಡ್ಡವೀರರಾಜೇಂದ್ರ: ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದು 1788ರ ಡಿಸೆಂಬರ್‌ನಲ್ಲಿ ತಪ್ಪಿಸಿಕೊಂಡವನು. 1790ರ ಅಕ್ಟೋಬರ್‌ನಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಶ್ರೀರಂಗಪಟ್ಟಣದತ್ತ ಹೋಗಲು ಕೊಡಗಿನಲ್ಲಿ ದಾರಿ ಬಿಟ್ಟ, ದವಸ, ದನ ಕೊಟ್ಟ. ಈ ಒಪ್ಪಂದವನ್ನು ನೆನಪಿಡಿ, ಇಡೀ ಚರ್ಚೆ ಇದರ ಮೇಲೆಯೇ ನಿಂತಿದೆ. ಕೊಡಗಿನ ಒಳಾಡಳಿತಕ್ಕೆ ಕೈಹಾಕುವುದಿಲ್ಲ ಎಂದು ಕಂಪನಿ ಅದರಲ್ಲಿ ಮಾತು ಕೊಟ್ಟಿತ್ತು.

• ಅವನ ನಂತರ ಲಿಂಗರಾಜ (1811ರಿಂದ 1820), ಅವನ ಮಗ ಚಿಕ್ಕವೀರರಾಜೇಂದ್ರ (1820ರಿಂದ 1834). ಇಬ್ಬರು ವೀರರಾಜೇಂದ್ರರನ್ನು ಕಲಸಿಬಿಡುವುದು ನಮ್ಮ ಉತ್ತರಪತ್ರಿಕೆಗಳ ಹಳೇ ರೋಗ. ಒಪ್ಪಂದ ಮಾಡಿದವನು ದೊಡ್ಡವ, ಗದ್ದುಗೆ ಕಳೆದುಕೊಂಡವನು ಚಿಕ್ಕವ.

ಜಗಳ ಹೊತ್ತಿಕೊಂಡದ್ದು

ಅರಸನ ತಂಗಿ ದೇವಮ್ಮಾಜಿ, ಗಂಡ ಚನ್ನಬಸವ. ಇಬ್ಬರೂ ಜೀವಭಯದಿಂದ 1832ರಲ್ಲಿ ಗಡಿ ದಾಟಿ ಮೈಸೂರಿನ ರೆಸಿಡೆಂಟ್ ಕ್ಯಾಸಮೇಜರ್‌ನ ಮೊರೆಹೊಕ್ಕರು. ಅವರನ್ನು ಒಪ್ಪಿಸಿ ಎಂದು ಅರಸ ಪಟ್ಟುಹಿಡಿದ, ಕಂಪನಿ ಒಪ್ಪಲಿಲ್ಲ. ಕಾಗದಗಳು ಓಡಾಡಿದವು, ದನಿ ಏರಿತು. ಮಾತುಕತೆಗೆಂದು ಕಂಪನಿ ಕಳಿಸಿದ ಕರುಣಾಕರ ಮೆನನ್‌ನನ್ನು ಅರಸ ಹಿಡಿದಿಟ್ಟುಕೊಂಡ. ದೂತನನ್ನು ಹಿಡಿದಿಟ್ಟದ್ದು ದೊಡ್ಡ ತಪ್ಪು. ಆವರೆಗೆ ಅಣ್ಣತಂಗಿಯ ಮನೆಜಗಳವಾಗಿದ್ದದ್ದು ಅಲ್ಲಿಂದ ಎರಡು ಸರ್ಕಾರಗಳ ಜಗಳವಾಯಿತು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್‌ಗೆ ಬೇಕಿದ್ದ ನೆಪ ಸಿಕ್ಕಿತು ಎಂದು ಬರೆದರೂ ಸರಿ, ಬೇರೆ ದಾರಿ ಉಳಿಯಲಿಲ್ಲ ಎಂದು ಬರೆದರೂ ಸರಿ. ಅಭಿಪ್ರಾಯಭೇದ ಶುರುವಾಗುವುದೇ ಇಲ್ಲಿಂದ.

ಬಾಯಿಪಾಠ ಮಾಡಬೇಕಾದ ದಿನಾಂಕಗಳು

• 15 ಮಾರ್ಚ್ 1834: ಮೊದಲ ಘೋಷಣೆ. ಚಿಕ್ಕವೀರರಾಜೇಂದ್ರ ಇನ್ನು ಅರಸನಲ್ಲ, ಸೈನ್ಯ ಬರುತ್ತಿದೆ, ಜನರ ಸುಖಕ್ಕೆ ಒಪ್ಪುವಂಥ ಆಡಳಿತ ಬರುತ್ತದೆ.

• ಏಪ್ರಿಲ್ ಮೊದಲ ವಾರ: ಬ್ರಿಗೇಡಿಯರ್ ಲಿಂಡ್ಸೆಯ ಕೈಕೆಳಗೆ ಸುಮಾರು 6,000 ಸೈನಿಕರು, ನಾಲ್ಕು ದಂಡು. ಪೂರ್ವದ್ದು ರಾಮಸ್ವಾಮಿ ಕಣಿವೆಯ ಕಡೆಯಿಂದ, ಪಶ್ಚಿಮದ್ದು ಕಣ್ಣೂರಿನಿಂದ ಹೆಗ್ಗಳ ಘಾಟಿ ಹತ್ತಿ ವಿರಾಜಪೇಟೆಗೆ. ಉತ್ತರದ ದಂಡು ಬಕ್ಕದಲ್ಲಿ ಭಾರೀ ಪೆಟ್ಟು ತಿಂದಿತು, ಕರ್ನಲ್ ಮಿಲ್ ಅಲ್ಲೇ ಸತ್ತ. ಕುಂಬಳೆಯ ಕಡೆಯಿಂದ ಹತ್ತಿದ ಕರ್ನಲ್ ಜ್ಯಾಕ್ಸನ್‌ನ ದಂಡು ಹಿಮ್ಮೆಟ್ಟಿತು. ಕೊಡಗು ಕಾದಾಡದೆ ಶರಣಾಯಿತು ಎಂದು ಬರೆದವರಿಗೆ ನಾನು ಅಂಕ ಕೊಡುವುದಿಲ್ಲ.

• 6 ಏಪ್ರಿಲ್: ಮಡಿಕೇರಿ ಕೋಟೆಯ ಮೇಲೆ ಬ್ರಿಟಿಷ್ ಬಾವುಟ. ದಿವಾನ ಅಪ್ಪಾರಂಡ ಬೋಪು ಅಷ್ಟರೊಳಗೆ ಕಂಪನಿಯ ಜೊತೆ ಸಂಧಿಗೆ ಬಂದಿದ್ದ.

• 10 ಏಪ್ರಿಲ್: ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆಯಲ್ಲಿದ್ದ ಅರಸ ಶರಣಾದ.

• 7 ಮೇ 1834: ಎರಡನೆಯ ಘೋಷಣೆ. ಕೊಡಗಿನವರ ಸರ್ವಾನುಮತದ ಇಚ್ಛೆಯಂತೆ ಈ ನಾಡು ಕಂಪನಿಯ ಆಡಳಿತಕ್ಕೆ ಸೇರಿತು, ಜನರ ಆಚಾರ, ಧರ್ಮಗಳನ್ನು ಗೌರವಿಸಲಾಗುವುದು.

ಎರಡು ಘೋಷಣೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ಮಾರ್ಚಿನದು ಅರಸನನ್ನು ಇಳಿಸುತ್ತದೆ. ನಾಡು ಯಾರದಾಗುತ್ತದೆ ಎಂದು ಹೇಳುವುದಿಲ್ಲ. ಮೇ ತಿಂಗಳದ್ದು ನಾಡನ್ನೇ ಎತ್ತಿಕೊಳ್ಳುತ್ತದೆ. ನಡುವೆ ಎಂಟು ವಾರವೂ ಇಲ್ಲ. ದಂಡು ಬಂದದ್ದು ನ್ಯಾಯವೇ ಎಂಬುದು ಒಂದು ಪ್ರಶ್ನೆ, ಬಂದದ್ದು ವಾಪಸು ಹೋಗದೆ ಉಳಿದದ್ದು ನ್ಯಾಯವೇ ಎಂಬುದು ಇನ್ನೊಂದು. ಹತ್ತು ಅಂಕದ ಉತ್ತರದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರೇ ಹೆಚ್ಚು. ಬೇರೆ ಮಾಡಿ ಬರೆದರೆ ಉತ್ತರ ತಾನೇ ಗಟ್ಟಿಯಾಗುತ್ತದೆ.

ಸರಿ ಎಂದವರ ವಾದ

ಅರಸ ಬಂಧುಗಳನ್ನು, ಪ್ರಜೆಗಳನ್ನು ಕೊಲ್ಲಿಸಿದ. ಶರಣು ಬಂದ ಹೆಣ್ಣುಮಗಳನ್ನು ಒಪ್ಪಿಸಿದ್ದರೆ ಅವಳ ಗತಿ ಏನಾಗುತ್ತಿತ್ತು? ದೂತನನ್ನು ಸೆರೆಯಿಟ್ಟದ್ದು ಯಾವ ರಾಜಧರ್ಮ? ಇದು ಕಂಪನಿಯ ವಾದ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕೊಡಗಿನ ವೃತ್ತಾಂತ ಈ ಚಿತ್ರವನ್ನೇ ಗಟ್ಟಿಮಾಡಿತು, ರಿಕ್ಟರ್ 1870ರಲ್ಲಿ ಅದೇ ದಾರಿ ಹಿಡಿದ. ಆಡಳಿತ ಕೆಟ್ಟರೆ ಪಕ್ಕದ ಬಲಶಾಲಿ ಸುಮ್ಮನಿರಬಾರದು ಎಂಬ ಮಾತು ಆಗ ಬೆಂಟಿಂಕ್‌ನ ಕಾಲದಲ್ಲಿ ಚಾಲ್ತಿಯಲ್ಲಿತ್ತು. ನಗರದ ರೈತರ ದಂಗೆಯ ನೆಪದಲ್ಲಿ ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡದ್ದು 1831ರಲ್ಲಿ.

ಮರುಪ್ರಶ್ನೆ ಇಷ್ಟೇ: ಕ್ರೌರ್ಯದ ಕಥೆಗಳನ್ನು ಬರೆದಿಟ್ಟವರಲ್ಲಿ ಹೆಚ್ಚಿನವರು ಗೆದ್ದವರ ಕಡೆಯವರು. ಹಾಗೆಂದು ಎಲ್ಲವೂ ಕಟ್ಟುಕಥೆ ಎನ್ನಲಾಗದು, ಸ್ವಂತ ತಂಗಿ ರಾತ್ರೋರಾತ್ರಿ ಗಡಿ ದಾಟಿ ಓಡುವುದು ಸುಮ್ಮಸುಮ್ಮನೆ ಅಲ್ಲ.

ತಪ್ಪು ಎಂದವರ ವಾದ

• ಒಳಾಡಳಿತಕ್ಕೆ ಕೈಹಾಕುವುದಿಲ್ಲವೆಂಬ 1790ರ ಮಾತು ಮುರಿಯಿತು. ಟಿಪ್ಪುವಿನ ಭಯವಿದ್ದಾಗ ಕೊಡಗು ಬೇಕಿತ್ತು. 1799ರಲ್ಲಿ ಟಿಪ್ಪು ಹೋದ ಮೇಲೆ ಬೇಡವಾಯಿತು.

• ತಂಗಿಯ ರಕ್ಷಣೆಯೇ ಕಾರಣವಾಗಿದ್ದರೆ ಅವಳನ್ನು ಮೈಸೂರು ಸೀಮೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಅವಳು ಆಗಲೇ ಸುರಕ್ಷಿತವಾಗಿದ್ದಳು. ಅರಸನೇ ಕಾರಣವಾಗಿದ್ದರೆ ಇನ್ನೊಬ್ಬನನ್ನು ಕೂರಿಸಬಹುದಿತ್ತು. ದೇವಮ್ಮಾಜಿಗೂ ಚನ್ನಬಸವನಿಗೂ ಗದ್ದುಗೆ ಸಿಗಲಿಲ್ಲ. ಈ ವಾದದ ಮುಂದೆ ಕಂಪನಿಯ ಕಡೆಯವರು ತಡವರಿಸುತ್ತಾರೆ, ನನ್ನ ಮಟ್ಟಿಗೆ ಇದಕ್ಕೆ ಒಪ್ಪುವ ಉತ್ತರ ಯಾರೂ ಕೊಟ್ಟದ್ದಿಲ್ಲ.

• ಮೈಸೂರಿನಲ್ಲಿ ಅರಸನನ್ನು ಅರಸನಾಗಿಯೇ ಉಳಿಸಿದರು, 1881ರಲ್ಲಿ ರಾಜ್ಯ ಅರಸುಮನೆತನಕ್ಕೆ ಹಿಂತಿರುಗಿತು. ಕೊಡಗಿಗೆ ಆ ದಾರಿಯೇ ಇರಲಿಲ್ಲ.

'ಸರ್ವಾನುಮತ' ಎಂಬ ಪದ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊರಗಿನ ಸೈನ್ಯ ಬಂದಾಗಲೆಲ್ಲ "ಜನರೇ ಕರೆದರು" ಎಂಬ ಮಾತು ಬರುತ್ತದೆ. ಮೇ 7ರ ಘೋಷಣೆಯೂ ಹಾಗೆಯೇ. ಬೆಟ್ಟದ ಮೇಲೆ ಬಾವುಟ ಏರಿ ಒಂದು ತಿಂಗಳಾಗಿತ್ತು, ಅರಸ ಸೆರೆಯಲ್ಲಿದ್ದ. ಆಗ ಊರ ಮುಖ್ಯಸ್ಥರನ್ನು ಕರೆಸಿ ಅಭಿಪ್ರಾಯ ಕೇಳಿದರೆ ಎಷ್ಟು ಮಂದಿ ಬೇಡ ಎನ್ನುತ್ತಾರೆ? ಆದರೂ ಅದು ಪೂರಾ ಸುಳ್ಳಲ್ಲ. ಹಲವು ಕೊಡವ ಮನೆತನಗಳು ಅರಸನ ಕೈಯಲ್ಲಿ ನೊಂದಿದ್ದವು. ಬೋಪು, ಚೆಪ್ಪುಡಿರ ಪೊನ್ನಪ್ಪ ಮೊದಲಾದ ದಿವಾನರು ಹೊಸ ಆಡಳಿತದಲ್ಲೂ ಮುಂದುವರಿದರು.

ಸರ್ವಾನುಮತವಲ್ಲ ಎಂಬುದಕ್ಕೆ ಸಾಕ್ಷಿ ಮೂರೇ ವರ್ಷದಲ್ಲಿ ಸಿಕ್ಕಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಬಿಡಿಸಿ ಕೆನರಾ ಜಿಲ್ಲೆಗೆ ಹಾಕಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟು ಎಂದಿತು. ಭತ್ತ ಬೆಳೆಯುವವನ ಕೈಗೆ ರೊಕ್ಕ ಎಲ್ಲಿಂದ ಬರಬೇಕು? ಸಾಹುಕಾರನ ಬಾಗಿಲಿಗೇ ಹೋಗಬೇಕು. 1837ರಲ್ಲಿ ಜನ ಎದ್ದರು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದೆ ನಿಂತ ಪುಟ್ಟಬಸಪ್ಪ. ಸುಳ್ಯದ ಪೂಮಲೆಯಿಂದ ಹೊರಟ ಪಡೆ 5 ಏಪ್ರಿಲ್ 1837ರಂದು ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿತು, 13 ದಿನ ಊರು ಅವರ ಕೈಯಲ್ಲಿತ್ತು. ಕಣ್ಣೂರಿನಿಂದ ಸೈನ್ಯ ಬಂದ ಮೇಲೆ ಮುಗಿಯಿತು. ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ದಂಗೆ ಅಡಗಿಸಲು ನೆರವಾದ ಕೊಡಗಿನ ಅಧಿಕಾರಿಗಳಿಗೆ ಕಂಪನಿ ಪದಕ ಕೊಟ್ಟಿತು. ಒಂದೇ ಜಿಲ್ಲೆ, ಒಂದೇ ವರ್ಷ, ಒಬ್ಬರ ಕೊರಳಿಗೆ ಪದಕ, ಇನ್ನೊಬ್ಬರ ಕೊರಳಿಗೆ ಹಗ್ಗ. ಇದನ್ನು ಜಾತಿಜಗಳವಾಗಿ ಬರೆಯುವ ಚಾಳಿ ಬೇಡ. ಎರಡೂ ಕಡೆ ಎಲ್ಲ ಥರದವರೂ ಇದ್ದರು, ಪ್ರಶ್ನೆಯೂ ಅದಲ್ಲ.

• ಪರೀಕ್ಷೆಗೆ: ಇದೇ 'ಕಲ್ಯಾಣಪ್ಪನ ಕಾಟಕಾಯಿ'. 1857ಕ್ಕೆ 20 ವರ್ಷ ಮೊದಲು. ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡಿತು.

• ಸಾಹಿತ್ಯದಲ್ಲಿ: ಮಾಸ್ತಿ ಅವರ 'ಚಿಕವೀರ ರಾಜೇಂದ್ರ' (1956), ಜ್ಞಾನಪೀಠ 1983. 1837ರ ಬಂಡಾಯದ ಮೇಲೆ ನಿರಂಜನರ 'ಕಲ್ಯಾಣಸ್ವಾಮಿ'. ಒಂದು ಗದ್ದುಗೆ ಕುಸಿದ ಕಥೆ, ಇನ್ನೊಂದು ಜನ ಎದ್ದ ಕಥೆ. ಎರಡನ್ನೂ ಓದಿದವರಿಗೆ ಈ ಪ್ರಶ್ನೆ ಕಷ್ಟವಾಗದು.

ಕೋರ್ಟು ಏನೆಂದಿತು?

ಗಡಿಪಾರಾದ ಅರಸ ಕಾಶಿಯಲ್ಲಿದ್ದು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಮಗಳಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ. ಅರಸ ಲಂಡನ್ನಿನ ಚಾನ್ಸರಿ ಕೋರ್ಟಿನಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. ಯುದ್ಧದಲ್ಲಿ ವಶಪಡಿಸಿಕೊಂಡ ಕಂಪನಿಯ ಸಾಲಪತ್ರಗಳ ಹಣ ತನಗೆ ಬರಬೇಕೆಂಬುದು ವಾದ. 1860ರಲ್ಲಿ ದಾವೆ ವಜಾ ಆಯಿತು. ಕಾರಣ ಕೇಳಿದರೆ ಸ್ವಾರಸ್ಯ: ಆ ಪತ್ರಗಳನ್ನು ಕಂಪನಿ ತೆಗೆದುಕೊಂಡದ್ದು ಯುದ್ಧದಲ್ಲಿ, ಸರ್ಕಾರವಾಗಿ. ಅದು ರಾಜ್ಯಕೃತ್ಯ, ಕೋರ್ಟು ಅದರೊಳಗೆ ಇಣುಕುವಂತಿಲ್ಲ. ಯುದ್ಧ ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಕೋರ್ಟು ಅರಸನನ್ನು ತಪ್ಪಿತಸ್ಥನೆಂದಿತು ಎಂದು ಬರೆಯುವವರಿದ್ದಾರೆ, ಹಾಗೇನೂ ಇಲ್ಲ.

ಈಗಿನ ಅಳತೆಗೋಲು (ಚುಟುಕಾಗಿ)

• ವಿಶ್ವಸಂಸ್ಥೆಯ ಸನ್ನದು, 1945: ಇನ್ನೊಂದು ದೇಶದ ಮೇಲೆ ಬಲಪ್ರಯೋಗ ನಿಷಿದ್ಧ, ವಿಧಿ 2(4). ಎರಡು ಬಾಗಿಲು ಮಾತ್ರ ತೆರೆದಿವೆ: ಆತ್ಮರಕ್ಷಣೆ (ವಿಧಿ 51), ಭದ್ರತಾ ಮಂಡಳಿಯ ಒಪ್ಪಿಗೆ.

• 2005ರ ಶೃಂಗಸಭೆ: ನರಮೇಧದಂಥ ಘೋರಗಳಿಂದ ಜನರನ್ನು ಕಾಯುವುದು ಮೊದಲು ಆಯಾ ದೇಶದ ಹೊಣೆ, ಅದು ಸೋತರೆ ಮಂಡಳಿಯ ಮೂಲಕ ಉಳಿದವರದು.

• ಕೊಸೊವೊ 1999: ಕಾನೂನಿಗೆ ವಿರುದ್ಧ, ಆದರೆ ನೈತಿಕವಾಗಿ ಸಮರ್ಥನೀಯ ಎಂದಿತು ಒಂದು ಸ್ವತಂತ್ರ ಆಯೋಗ. ಇರಾಕ್ 2003: ಮಂಡಳಿಯ ಸ್ಪಷ್ಟ ಒಪ್ಪಿಗೆ ಇರಲಿಲ್ಲ. ಲಿಬಿಯಾ 2011: ನಿರ್ಣಯ 1973ರ ಒಪ್ಪಿಗೆ ಇತ್ತು, ಭಾರತ ಮತ ಹಾಕದೆ ದೂರ ಉಳಿಯಿತು. ಜನರನ್ನು ಕಾಯಲು ಹೋದವರು ಸರ್ಕಾರವನ್ನೇ ಬದಲಿಸಿದರು ಎಂಬ ದೂರು ಆಮೇಲೆ ಬಂತು. ಮಾರ್ಚಿನ ಘೋಷಣೆ, ಮೇ ತಿಂಗಳ ಘೋಷಣೆ ನೆನಪಾಗಲಿ.

• ಭಾರತವೂ ಗಡಿ ದಾಟಿದೆ. 1971ರಲ್ಲಿ ಪೂರ್ವ ಪಾಕಿಸ್ತಾನಕ್ಕೆ ಹೋದ ಸೈನ್ಯ 1972ರ ಮಾರ್ಚ್‌ನಲ್ಲಿ ವಾಪಸಾಯಿತು. 1987ರ ಜುಲೈ ಒಪ್ಪಂದದಂತೆ ಶ್ರೀಲಂಕಾಕ್ಕೆ ಹೋದದ್ದು 1990ರ ಮಾರ್ಚ್‌ನಲ್ಲಿ ಹಿಂತಿರುಗಿತು. ಮೊದಲನೆಯದನ್ನು ಹೊಗಳುವವರೇ ಎರಡನೆಯದನ್ನು ಬೈಯುತ್ತಾರೆ. ಆದರೆ ಎರಡರಲ್ಲೂ ಸೈನ್ಯ ವಾಪಸು ಬಂತು, 1834ರಲ್ಲಿ ಬರಲಿಲ್ಲ.

• ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದು 18 ಡಿಸೆಂಬರ್ 1965ರಂದು ಅಲ್ಲೇ ತೀರಿಕೊಂಡರು. ಅದು ಹಸ್ತಕ್ಷೇಪವಲ್ಲ, ಆ ದೇಶದ ಸರ್ಕಾರವೇ ಒಪ್ಪಿ ಕರೆಸಿಕೊಂಡ ಪಡೆ. ಈ ಭೇದ ಬರೆದರೆ ಒಂದು ಅಂಕ ಖಚಿತ.

ಎಡವುವ ಜಾಗಗಳು

• ಕೊಡಗು ಹೋದದ್ದು ದತ್ತುಮಕ್ಕಳಿಗೆ ಹಕ್ಕಿಲ್ಲವೆಂಬ ಡಾಲ್‌ಹೌಸಿಯ ನೀತಿಯಿಂದ ಅಲ್ಲ. ಅವನು ಬಂದದ್ದೇ 1848ರಲ್ಲಿ. ದುರಾಡಳಿತದ ನೆಪ ಎಂದರೆ ಕೊಡಗು 1834, ಅವಧ್ 1856.

• 1834ರಲ್ಲಿ ಕೊಡಗು ಮೈಸೂರಿಗೆ ಸೇರಲಿಲ್ಲ. ಸೇರಿದ್ದು 1 ನವೆಂಬರ್ 1956ರಂದು. ಅದಕ್ಕೆ ಮೊದಲು 1950ರಿಂದ 'ಸಿ' ರಾಜ್ಯ, 1952ರಿಂದ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ.

• ಮಡಿಕೇರಿಯ ಗದ್ದಿಗೆಯಲ್ಲಿ ಚಿಕ್ಕವೀರರಾಜನ ಸಮಾಧಿ ಇದೆ ಎಂದು ಹೋದ ಸಲ ಇಬ್ಬರು ಬರೆದಿದ್ದರು. ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗುಮ್ಮಟದ ಕೆಳಗೆ ದೊಡ್ಡವೀರರಾಜೇಂದ್ರ ಇದ್ದಾನೆ, ಲಿಂಗರಾಜ ಇದ್ದಾನೆ, ಪಕ್ಕಕ್ಕೆ ಹೋದರೆ ಅರಸನಿಗಾಗಿ ಕಾದಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಕಡೆಯ ಅರಸ ಇಲ್ಲಿಲ್ಲ, ಲಂಡನ್ನಿನಲ್ಲಿ ಸತ್ತ. "ಹಾಗಾದರೆ ಇದು ಅರ್ಧ ಅಂಕದ ಪ್ರಶ್ನೆನಾ ಸಾರ್?" ಅಂದ ಒಬ್ಬ. ಇನ್ನೊಬ್ಬ ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದ.