ಮುಂಭಾಗದ ಫೋರ್ಕಿನ ರಕ್ಷಣೆ ಮತ್ತು ಲೆಕ್ಕಪುಸ್ತಕ ತೋರಿಸದ ನಷ್ಟ

ನಮ್ಮ ಸದಸ್ಯರ ಲಾಭ-ನಷ್ಟ ಖಾತೆಗಳಲ್ಲಿ ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ಶೀರ್ಷಿಕೆಯಷ್ಟು ಅಲಕ್ಷ್ಯಕ್ಕೆ ಗುರಿಯಾದ ಶೀರ್ಷಿಕೆ ಮತ್ತೊಂದಿಲ್ಲ. ವರ್ಷಾಂತ್ಯದಲ್ಲಿ ಬಿಲ್ಲುಗಳನ್ನು ಕೂಡಿಸುತ್ತೇವೆ, ಹಿಂದಿನ ವರ್ಷದ ಮೊತ್ತದೊಡನೆ ಹೋಲಿಸುತ್ತೇವೆ, ಹೆಚ್ಚಾಗಿದ್ದರೆ ಕಡಿಮೆ ಮಾಡಿರೆಂದು ಸೂಚಿಸುತ್ತೇವೆ. ಯಾವ ಖರ್ಚು ಯಾವ ನಷ್ಟವನ್ನು ತಡೆಯುತ್ತಿದೆ ಎಂದು ವಿಚಾರಿಸುವುದು ಅಪರೂಪ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಅದರಿಂದ ಕಲಿತ ಪಾಠವನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಕಕ್ಷಿದಾರರೊಬ್ಬರು ಬೆಂಗಳೂರಿನ ಹೊರವಲಯದಲ್ಲಿ ಮಣ್ಣಿನ ಹಾದಿಯ ಬೈಕ್ ಸವಾರಿಯ ತರಬೇತಿ ಕೇಂದ್ರವನ್ನು ನಡೆಸುತ್ತಾರೆ. ಒಂದು ವರ್ಷದ ಲೆಕ್ಕಪರಿಶೀಲನೆಯ ವೇಳೆ ‘ಫೋರ್ಕ್ ಕವರ್’ ಎಂಬ ಬಾಬತ್ತಿನಲ್ಲಿ ಪದೇ ಪದೇ ಖರ್ಚು ಬಿದ್ದಿರುವುದನ್ನು ಕಂಡು, ಅದು ಅಲಂಕಾರದ ವಸ್ತುವೆಂದು ಭಾವಿಸಿ, ನಿಲ್ಲಿಸಬಹುದಾದ ವೆಚ್ಚವೆಂದು ಗುರುತು ಹಾಕಿದೆ. ಅವರು ನನ್ನ ಮಾತಿಗೆ ಬೆಲೆ ಕೊಟ್ಟು ನಿಲ್ಲಿಸಿದರು. ಮುಂದಿನ ಮಳೆಗಾಲದಲ್ಲಿ ಒಂದು ಬೈಕಿನ ಫೋರ್ಕಿನಿಂದ ಸೋರಿದ ಎಣ್ಣೆ ಮುಂದಿನ ಡಿಸ್ಕ್ ಬ್ರೇಕಿಗೆ ಇಳಿದು, ಬ್ರೇಕ್ ಹಿಡಿಯದೆ ತರಬೇತಿಗೆ ಬಂದಿದ್ದ ಯುವಕನೊಬ್ಬ ಬಿದ್ದು ಕೈಮುರಿದುಕೊಂಡ. ಆ ಬಳಿಕವಷ್ಟೇ ನಾನು ಕಾರ್ಯಾಗಾರಕ್ಕೆ ಹೋಗಿ, ಮೆಕ್ಯಾನಿಕರ ಪಕ್ಕದಲ್ಲಿ ಕುಳಿತು, ನಾನು ಅಳಿಸಿಹಾಕಿದ ಖರ್ಚು ಏನೆಂಬುದನ್ನು ತಿಳಿದುಕೊಂಡೆ.

1. ಫೋರ್ಕು ಕೆಡುವ ಬಗೆ

ಎಣ್ಣೆಯ ಒತ್ತಡದಿಂದ ಆಘಾತ ತಗ್ಗಿಸುವ ಟೆಲಿಸ್ಕೋಪಿಕ್ ಫೋರ್ಕನ್ನು 1935ರಲ್ಲಿ ಬಿಎಂಡಬ್ಲ್ಯು ಸಂಸ್ಥೆಯು ತನ್ನ ಮಾರಾಟದ ಬೈಕುಗಳಲ್ಲಿ ಅಳವಡಿಸಿತು. ಅದರ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಒಂದು ಪೈಪು ಮತ್ತೊಂದರೊಳಗೆ ಜಾರುತ್ತದೆ. ಒಳಗೆ ಸ್ಪ್ರಿಂಗ್ ಮತ್ತು ಎಣ್ಣೆ ಇರುತ್ತವೆ. ಒಳಪೈಪು ಉಕ್ಕಿನದು. ಅದನ್ನು ನುಣುಪಾಗಿ ಗ್ರೈಂಡ್ ಮಾಡಿ ಮೇಲೆ ಹಾರ್ಡ್ ಕ್ರೋಮ್ ಲೇಪನ ಕೊಟ್ಟಿರುತ್ತಾರೆ. ಎಣ್ಣೆ ಹೊರಬಾರದಂತೆ ತಡೆಯುವುದು ಆಯಿಲ್ ಸೀಲಿನ ತೆಳುವಾದ ರಬ್ಬರ್ ಅಂಚು. ಅದರ ಹೊರಗೆ ಧೂಳನ್ನು ಒರೆಸುವ ಡಸ್ಟ್ ಸೀಲ್ ಇರುತ್ತದೆ.

ಕೆಡುಕಿಗೆ ಮುಖ್ಯವಾಗಿ ಎರಡು ಕಾರಣಗಳು. ಮೊದಲನೆಯದು ಕೆಸರು. ಪೈಪಿಗೆ ಅಂಟಿ ಒಣಗಿದ ಕೆಸರಿನ ಮರಳುಕಣ ಡಸ್ಟ್ ಸೀಲನ್ನು ದಾಟಿ ಆಯಿಲ್ ಸೀಲಿನ ಅಂಚಿನಡಿ ಸೇರಿಕೊಂಡರೆ, ಆ ಸಂದಿನಲ್ಲಿ ಎಣ್ಣೆ ಜಿನುಗತೊಡಗುತ್ತದೆ. ಎರಡನೆಯದು ಕಲ್ಲೇಟು. ಮುಂದಿನ ಬೈಕಿನ ಚಕ್ರ ಚಿಮ್ಮಿಸಿದ ಕಲ್ಲು ತಗುಲಿದರೆ ಕ್ರೋಮ್ ಮೇಲೆ ಚಿಕ್ಕ ಗುಳಿ ಬಿದ್ದು ಅದರ ಅಂಚು ಚೂಪಾಗುತ್ತದೆ. ಫೋರ್ಕು ಜಾರಿದಾಗಲೆಲ್ಲ ಈ ಅಂಚು ಸೀಲನ್ನು ಕೊಯ್ಯುತ್ತದೆ. ಗುಳಿ ಬಿದ್ದ ಪೈಪಿಗೆ ಎಷ್ಟು ಹೊಸ ಸೀಲ್ ಹಾಕಿದರೂ ಅವು ಬಾಳುವುದಿಲ್ಲ. ಗುಳಿಯಲ್ಲಿ ನೀರು ನಿಂತರೆ ತುಕ್ಕೂ ಸೇರುತ್ತದೆ.

2. ರಕ್ಷಣೆಯ ಮೂರು ವಿಧಾನಗಳು

(ಅ) ರಬ್ಬರ್ ಗೇಟರ್: ಅಕಾರ್ಡಿಯನ್ನಿನಂತೆ ಮಡಿಕೆಗಳುಳ್ಳ ಈ ಕವಚ ಒಳಪೈಪು ಮೇಲ್ಭಾಗದಲ್ಲಿರುವ ಸಾಂಪ್ರದಾಯಿಕ ಫೋರ್ಕಿಗೆ ಸೂಕ್ತ. ಹೀರೋ ಎಕ್ಸ್‌ಪಲ್ಸ್ 200 ಬೈಕಿನಲ್ಲಿ ಇದನ್ನು ಕಾಣಬಹುದು. ಇದು ಕಲ್ಲು, ಕೆಸರು ಎರಡನ್ನೂ ತಡೆಯುತ್ತದೆ. ಆದರೆ ಗಾಳಿಯಾಡುವ ರಂಧ್ರಗಳು ಮುಚ್ಚಿಹೋದರೆ ಒಳಗೆ ತೇವ ನಿಂತು ಪೈಪು ತುಕ್ಕು ಹಿಡಿಯುತ್ತದೆ. ಸೋರಿಕೆಯೂ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಆಗಾಗ ಸರಿಸಿ ನೋಡಬೇಕು.

(ಆ) ಪ್ಲಾಸ್ಟಿಕ್ ಗಾರ್ಡ್: ತಲೆಕೆಳಗಾದ, ಅಂದರೆ ಯುಎಸ್‌ಡಿ ಫೋರ್ಕಿನಲ್ಲಿ ಒಳಪೈಪು ಕೆಳಗೆ, ಚಕ್ರದ ಪಕ್ಕದಲ್ಲಿಯೇ ಇರುವುದರಿಂದ ಕಲ್ಲೇಟಿನ ಅಪಾಯ ಹೆಚ್ಚು. ಮೋಟೊಕ್ರಾಸ್ ಬೈಕುಗಳಲ್ಲಿ ಪೈಪಿನ ಮುಂದೆ ಪ್ಲಾಸ್ಟಿಕ್ ಗಾರ್ಡ್ ಇರುವುದು ಇದೇ ಕಾರಣಕ್ಕೆ. ಇದು ಕಲ್ಲನ್ನು ತಡೆಯುತ್ತದೆ, ಸಣ್ಣ ಕೆಸರನ್ನು ಪೂರ್ಣವಾಗಿ ತಡೆಯದು.

(ಇ) ನಿಯೋಪ್ರೀನ್ ಬಟ್ಟೆಯ ಕವಚ: ಸೀಲಿನ ಬಾಯಿಯನ್ನು ಸುತ್ತಿ ಹಿಡಿಯುವ ಈ ಕವಚ ಧೂಳು, ಕೆಸರಿಗೆ ಉತ್ತಮ. ಒದ್ದೆಯಾಗಿಯೇ ಬಿಟ್ಟರೆ ಕೆಸರನ್ನು ಪೈಪಿಗೆ ಒತ್ತಿ ಹಿಡಿದು ಹಾನಿಯನ್ನೇ ಮಾಡುತ್ತದೆ. ಸವಾರಿಯ ಬಳಿಕ ಬಿಚ್ಚಿ, ತೊಳೆದು, ಒಣಗಿಸುವ ಶಿಸ್ತಿದ್ದರೆ ಮಾತ್ರ ಇದು ಪ್ರಯೋಜನಕಾರಿ.

ಖರ್ಚಿಲ್ಲದ ಕೆಲವು ಅಭ್ಯಾಸಗಳೂ ಇವೆ. ಅಧಿಕ ಒತ್ತಡದ ನೀರನ್ನು ನೇರವಾಗಿ ಸೀಲಿಗೆ ಹಾಯಿಸಬಾರದು. ಕೆಸರು ಒಣಗುವ ಮೊದಲೇ ಪೈಪನ್ನು ಮೆದುಬಟ್ಟೆಯಿಂದ ಒರೆಸಬೇಕು. ಟೆಂಪೊದಲ್ಲಿ ಸಾಗಿಸುವಾಗ ಪಟ್ಟಿ ಬಿಗಿದು ಫೋರ್ಕನ್ನು ಪೂರ್ತಿ ಕುಗ್ಗಿಸದೆ, ಟೈರು ಮತ್ತು ಮಡ್‌ಗಾರ್ಡಿನ ನಡುವೆ ಮರದ ದಿಮ್ಮಿಯನ್ನಿಡಬೇಕು. ಸೀಲು ಈಗಷ್ಟೇ ಜಿನುಗಲಾರಂಭಿಸಿದ್ದರೆ, ಡಸ್ಟ್ ಸೀಲನ್ನು ಇಳಿಸಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಸೀಲಿನ ಅಂಚಿನಡಿ ಸುತ್ತ ಆಡಿಸಿ ಮರಳನ್ನು ಹೊರತೆಗೆದರೆ ಹಲವು ವೇಳೆ ಸೋರಿಕೆ ನಿಲ್ಲುತ್ತದೆ. ನಿಲ್ಲದಿದ್ದರೆ ಸೀಲು ಬದಲಿಸುವುದೇ ಮಾರ್ಗ. ಎಣ್ಣೆ ತಗುಲಿದ ಬ್ರೇಕ್ ಪ್ಯಾಡನ್ನು ಒರೆಸಿ ಮತ್ತೆ ಬಳಸದೆ ಹೊಸದನ್ನು ಹಾಕಬೇಕು.

3. ಲೆಕ್ಕದ ದೃಷ್ಟಿಯಿಂದ

ಹತ್ತು ಬೈಕುಗಳಿರುವ ಒಂದು ಕೇಂದ್ರವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ವಿವರಿಸಲು ಮಾತ್ರ. ಸದಸ್ಯರು ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು. ಒಂದು ಬೈಕ್ ಒಂದು ದಿನ ನಿಂತರೆ, ಉಳಿಯುವ ಪೆಟ್ರೋಲ್ ಮುಂತಾದ ಖರ್ಚನ್ನು ಕಳೆದು, ಕೈತಪ್ಪುವ ಆದಾಯ ರೂ. 1,000 ಎಂದಿಟ್ಟುಕೊಳ್ಳೋಣ.

ರಕ್ಷಣೆ ಇಲ್ಲದ ವರ್ಷ:
ಸೀಲ್ ಬದಲಾವಣೆ 6 ಬಾರಿ, ತಲಾ ರೂ. 1,500 – ರೂ. 9,000
ಪೈಪ್ ಜೋಡಿ ಬದಲಾವಣೆ 2 ಬಾರಿ, ತಲಾ ರೂ. 8,000 – ರೂ. 16,000
ಬೈಕ್ ನಿಂತ ದಿನಗಳು 22 – ರೂ. 22,000
ಒಟ್ಟು – ರೂ. 47,000

ರಕ್ಷಣೆ ಇರುವ ವರ್ಷ:
ಕವಚಗಳು 10 ಜೊತೆ, ತಲಾ ರೂ. 700 – ರೂ. 7,000
ಶುಚಿಗೊಳಿಸುವ ಹೆಚ್ಚುವರಿ ಕೂಲಿ – ರೂ. 9,000
ಸೀಲ್ ಬದಲಾವಣೆ 3 ಬಾರಿ – ರೂ. 4,500
ಬೈಕ್ ನಿಂತ ದಿನಗಳು 6 – ರೂ. 6,000
ಒಟ್ಟು – ರೂ. 26,500

ನಿಜವಾದ ಉಳಿತಾಯ ರೂ. 20,500. ಆದರೆ ಲೆಕ್ಕಪುಸ್ತಕ ತೋರಿಸುವುದೇನು? ನಿಂತ ದಿನಗಳ ನಷ್ಟಕ್ಕೆ ಬಿಲ್ಲಿಲ್ಲ, ವೋಚರ್ ಇಲ್ಲ. ಪುಸ್ತಕದಲ್ಲಿ ಮೊದಲ ವರ್ಷದ ಖರ್ಚು ರೂ. 25,000, ಎರಡನೆಯದರಲ್ಲಿ ರೂ. 20,500. ಕಾಣುವ ಉಳಿತಾಯ ರೂ. 4,500 ಮಾತ್ರ. ಉಳಿದ ರೂ. 16,000 ಯಾವ ಖಾತೆಯಲ್ಲಿಯೂ ಇಲ್ಲ. ನಾನು ಎಡವಿದ್ದು ಇಲ್ಲಿಯೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬುಕಿಂಗ್ ಇಲ್ಲದ ದಿನ ಬೈಕ್ ನಿಂತರೆ ಆದಾಯ ನಷ್ಟವಿಲ್ಲ. ಎಲ್ಲ ಬೈಕುಗಳಿಗೂ ಬೇಡಿಕೆಯಿರುವ ದಿನಗಳನ್ನು ಮಾತ್ರ ನಷ್ಟವೆಂದು ಎಣಿಸಬೇಕು. ಆದ್ದರಿಂದ ಸೀಲು, ಎಣ್ಣೆ ಬದಲಿಸುವ ಕೆಲಸವನ್ನು ಬೇಡಿಕೆ ಕಡಿಮೆಯಿರುವ ದಿನಗಳಿಗೆ ಇಟ್ಟುಕೊಳ್ಳುವುದೇ ಜಾಣತನ. ಇನ್ನು ಅಪಘಾತದ ಬೆಲೆಯನ್ನು ನಾನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅದಕ್ಕೆ ಅಂಕಿ ಹಾಕುವುದು ಸರಿಯೆಂದು ನನಗೆ ತೋರುವುದಿಲ್ಲ.

ಆದಾಯ ತೆರಿಗೆಯ ದೃಷ್ಟಿಯಲ್ಲಿ, ಇರುವ ಆಸ್ತಿಯನ್ನು ಉಳಿಸಿ ಕಾಪಾಡಲು ಮಾಡಿದ ಖರ್ಚು ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ತರುವ ಖರ್ಚು ಹಾಗಲ್ಲ. ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಈ ಅಳತೆಗೋಲನ್ನೇ ಅನ್ವಯಿಸಿತು. ಸೀಲು, ಪೈಪುಗಳ ಬದಲಾವಣೆ ಮೊದಲನೆಯ ವರ್ಗಕ್ಕೆ ಸೇರುತ್ತದೆ. ಬಿಲ್ಲಿನಲ್ಲಿ ‘ಬಿಡಿಭಾಗ’ ಎಂದಷ್ಟೇ ಬರೆಸದೆ, ವಸ್ತುವಿನ ಹೆಸರು ಮತ್ತು ವಾಹನದ ಸಂಖ್ಯೆಯನ್ನು ಬರೆಸಿಕೊಳ್ಳಿರಿ.

4. ಸಣ್ಣ ಉದ್ಯಮಿಗಳಿಗೆ ಒಂದು ಮಾತು

ರಬ್ಬರ್ ಮೋಲ್ಡಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್ ಅಥವಾ ಹೊಲಿಗೆ ಘಟಕಗಳನ್ನು ಹೊಂದಿರುವ ಸದಸ್ಯರು ಈ ಕವಚಗಳ ತಯಾರಿಕೆಯನ್ನು ಪರಿಶೀಲಿಸಬಹುದು. ಮೊದಲು ಅಳತೆ. ಎಕ್ಸ್‌ಪಲ್ಸ್ 200ರ ಪೈಪಿನ ವ್ಯಾಸ 37 ಮಿ.ಮೀ.; ರಾಯಲ್ ಎನ್‌ಫೀಲ್ಡಿನ ಹಳೆಯ 411 ಸಿಸಿ ಹಿಮಾಲಯನ್‌ನದು 41 ಮಿ.ಮೀ. ಅದೇ ಹೆಸರಿನ 450 ಮಾದರಿ 2023ರಲ್ಲಿ ಬಂದಾಗ 43 ಮಿ.ಮೀ.ನ ಯುಎಸ್‌ಡಿ ಫೋರ್ಕಿಗೆ ಬದಲಾಯಿತು. ಹಳೆಯ ಗೇಟರ್ ಅದಕ್ಕೆ ಬಾರದು. ಒಂದೇ ಮಾದರಿಯನ್ನು ನಂಬಿ ಅಚ್ಚಿಗೆ ಹಣ ಹೂಡುವ ಮುನ್ನ ಇದನ್ನು ನೆನೆಯಬೇಕು. ಎರಡನೆಯದು ವಸ್ತು. ಸಾದಾ ನೈಸರ್ಗಿಕ ರಬ್ಬರು ಬಿಸಿಲು ಮತ್ತು ಓಜೋನಿಗೆ ಬೇಗ ಬಿರಿಯುತ್ತದೆ. ಇಪಿಡಿಎಂ ಬಿಸಿಲನ್ನು ತಾಳುತ್ತದೆ, ಎಣ್ಣೆಯನ್ನು ತಾಳದು. ಕ್ಲೋರೋಪ್ರೀನ್ ಎರಡನ್ನೂ ಸಾಕಷ್ಟು ತಾಳುತ್ತದೆ. ಮೂರನೆಯದು ಅಚ್ಚಿನ ವೆಚ್ಚ. ಅದನ್ನು ನಿರೀಕ್ಷಿತ ಮಾರಾಟದ ಮೇಲಲ್ಲ, ಖಚಿತ ಆರ್ಡರಿನ ಮೇಲೆ ಹಂಚಿ ಬೆಲೆ ನಿಗದಿಪಡಿಸಬೇಕು.

5. ಉಪಸಂಹಾರ

ನಮ್ಮ ಕಕ್ಷಿದಾರರು ಕವಚಗಳನ್ನು ಮರಳಿ ಹಾಕಿಸಿದ್ದಾರೆ. ಪ್ರತಿ ಬೈಕಿಗೂ ಒಂದು ಪುಟದ ದಾಖಲೆಯಿದೆ: ಸೀಲು ಹಾಕಿದ ದಿನ, ಸೋರಿಕೆ ಕಂಡ ದಿನ, ನಿಂತ ದಿನಗಳು. ಲೆಕ್ಕಪರಿಶೀಲನೆಗೆ ಹೋದಾಗ ಈಗ ನಾನು ಖರ್ಚಿನ ಖಾತೆಯನ್ನು ತೆರೆಯುವ ಮೊದಲು ಆ ಪುಟಗಳನ್ನು ಓದುತ್ತೇನೆ. ಬೈಕಿಗೆ ಹೇಳಿದ್ದು ಲೇತಿಗೂ, ಕಂಪ್ರೆಸರಿಗೂ, ತೂಕದ ಯಂತ್ರಕ್ಕೂ ಅನ್ವಯಿಸುತ್ತದೆ. ಖರ್ಚನ್ನು ಕಡಿತಗೊಳಿಸುವ ಮುನ್ನ ಆ ಯಂತ್ರದ ಬಳಿ ನಿಂತು ಕೆಲಸ ಮಾಡುವವರನ್ನು ಒಂದು ಮಾತು ಕೇಳಿರಿ. ನಾನು ಕೇಳಿರಲಿಲ್ಲ.