ಮಾಗಡಿ ಕೆರೆಯಿಂದ ಕಾರವಾರದ ಕಡೆಗೆ

ಕಡಲನ್ನೇ ಸರಿಯಾಗಿ ನೋಡದ ಲಕ್ಷ್ಮೇಶ್ವರದ ಹುಡುಗಿ ಕರಾವಳಿ ಪರಿಸರ ಓದಬಹುದೇ ಎಂದು ಕೇಳಿದ್ದೀರಿ. ಖಂಡಿತ ಓದಬಹುದು, ತಂಗಿ. ನಿಮ್ಮ ಪಕ್ಕದಲ್ಲೇ ಮಾಗಡಿ ಕೆರೆಯಿದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ವಿಶ್ರಮಿಸಿ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಆ ಕೆರೆಗೂ ಕುಮಟಾದ ಅಘನಾಶಿನಿ ಅಳಿವೆಗೂ ಒಟ್ಟಿಗೇ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಜೌಗು ನೆಲದ ಮೊದಲ ಪಾಠ ಎರಡೂ ಕಡೆ ಒಂದೇ. ಅಳಿವೆಯಲ್ಲಿ ಉಪ್ಪುನೀರು, ಉಬ್ಬರವಿಳಿತ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಬಳಚು ಎಂಬ ಚಿಪ್ಪುಜೀವಿ ಸೇರಿಕೊಳ್ಳುತ್ತವೆ, ಅಷ್ಟೇ.

ಗದಗ-ಬೆಟಗೇರಿಯಲ್ಲೇ ಪ್ರಾಣಿಶಾಸ್ತ್ರ ಇಟ್ಟುಕೊಂಡು ಬಿ.ಎಸ್ಸಿ. ಮುಗಿಸಿ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ. ಎಂ.ಎಸ್ಸಿ.ಗೆ ಅಲ್ಲಿಗೇ ಹೋಗಿ ಎಂಬುದು ನನ್ನ ಸಲಹೆ. ಮೀನುಗಾರಿಕೆ ಇಲಾಖೆಯ ನೌಕರಿಯೇ ಗುರಿಯಾದರೆ ದಾರಿ ಬೇರೆ: ಪಿಯುಸಿ ವಿಜ್ಞಾನದ ನಂತರ ನೇರವಾಗಿ ಮಂಗಳೂರಿನ ಮೀನುಗಾರಿಕೆ ಕಾಲೇಜು. ಸಂಶೋಧನೆಗೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ.

ಕಾಯಂ ಹುದ್ದೆಗಳು ಕಡಿಮೆ. ಮೊದಲ ಕೆಲವು ವರ್ಷ ಯೋಜನಾ ಸಹಾಯಕರ ಗುತ್ತಿಗೆ ಕೆಲಸದಲ್ಲೇ ಹೋಗಬಹುದು. ಇದನ್ನು ಮನೆಯವರಿಗೆ ಈಗಲೇ ಹೇಳಿಬಿಡಿ. ಈ ಡಿಸೆಂಬರಿನಲ್ಲಿ ಒಂದು ನೋಟ್‌ಬುಕ್ ಹಿಡಿದು ಮಾಗಡಿ ಕೆರೆ ದಂಡೆಗೆ ಹೋಗಿ, ಹೆಬ್ಬಾತು ಎಣಿಸಲು ಶುರುಮಾಡಿ.